ರಿಟರ್ನ್ ಸಲ್ಲಿಸಿ ತಿಂಗಳುಗಳಾದವು, ರಿಫಂಡ್ ಎಲ್ಲಿ ನಿಂತಿದೆ?

ಒಂದೇ ಆಫೀಸು, ಹೆಚ್ಚುಕಡಿಮೆ ಒಂದೇ ಸಂಬಳ, ಒಂದೇ ವಾರದಲ್ಲಿ ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್. ಒಬ್ಬರಿಗೆ ಹತ್ತು ದಿನದಲ್ಲಿ ರಿಫಂಡ್ ಜಮಾ ಆಯಿತು, ಇನ್ನೊಬ್ಬರು ಐದು ತಿಂಗಳಿಂದ ಪೋರ್ಟಲ್ ತೆರೆದು ನೋಡುತ್ತಲೇ ಇದ್ದಾರೆ. 2025ರಲ್ಲಿ ಈ ತಳಮಳ ಇನ್ನಷ್ಟು ಜನರದ್ದಾಯಿತು. ರಿಟರ್ನ್ ಸಲ್ಲಿಸುವ ಕೊನೆಯ ದಿನವೇ ಜುಲೈ 31ರಿಂದ ಸೆಪ್ಟೆಂಬರ್ 16ಕ್ಕೆ ಸರಿಯಿತು. ಡಿಸೆಂಬರ್ ಹೊತ್ತಿಗೆ ಅನೇಕರ ಮೊಬೈಲಿಗೆ, ಇಮೇಲಿಗೆ ‘ನಿಮ್ಮ ರಿಫಂಡ್ ತಡೆಹಿಡಿಯಲಾಗಿದೆ, ರಿಟರ್ನ್ ಮತ್ತೊಮ್ಮೆ ಪರಿಶೀಲಿಸಿಕೊಳ್ಳಿ’ ಎಂಬ ಅರ್ಥದ ಸಂದೇಶ ಬಂತು.

ರಿಫಂಡ್ ತಡವಾಗುವುದಕ್ಕೆ ಒಂದೇ ಕಾರಣವಿಲ್ಲ, ಹಾಗಾಗಿ ಒಂದೇ ಪರಿಹಾರವೂ ಇಲ್ಲ. ಹಣ ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲು ತಿಳಿಯಬೇಕು. ಕೆಲವು ಹಂತಗಳಲ್ಲಿ ಕಾಯುವುದೇ ಸರಿ. ಇನ್ನು ಕೆಲವು ಹಂತಗಳಲ್ಲಿ ನೀವೇ ಒಂದು ಕೆಲಸ ಮಾಡದೆ ವರ್ಷ ಕಾದರೂ ಹಣ ಬರುವುದಿಲ್ಲ.

ರಿಫಂಡ್ ಹುಟ್ಟುವುದು ಹೇಗೆ

ಮದುವೆ ಛತ್ರಕ್ಕೆ ಮುಂಗಡ ಕಟ್ಟಿದ್ದನ್ನು ನೆನಪಿಸಿಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಮ್ಯಾನೇಜರ್ ಪಾತ್ರೆ, ಕುರ್ಚಿ ಎಣಿಸಿ, ಕರೆಂಟ್ ಮೀಟರ್ ನೋಡಿ, ಬಾಡಿಗೆ ಮುರಿದುಕೊಂಡು ಉಳಿದ ಹಣ ವಾಪಸ್ ಕೊಡುತ್ತಾರೆ. ಎಣಿಕೆ ಹೊಂದದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಹಿಂದಿನ ಕಾರ್ಯಕ್ರಮದ ಬಾಕಿ ಇದ್ದರೆ ಅದನ್ನೂ ಮುರಿದುಕೊಳ್ಳುತ್ತಾರೆ.

ತೆರಿಗೆಯೂ ಹಾಗೆಯೇ. ವರ್ಷವಿಡೀ ಕಂಪನಿ ಸಂಬಳದಿಂದ, ಬ್ಯಾಂಕು ಎಫ್‌ಡಿ ಬಡ್ಡಿಯಿಂದ ಒಂದಷ್ಟು ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುತ್ತವೆ. ಇದೇ ಟಿಡಿಎಸ್. ಮುಂಗಡ ತೆರಿಗೆಯನ್ನು ನೀವೇ ಕಟ್ಟಿರಬಹುದು. ವರ್ಷ ಮುಗಿದ ಮೇಲೆ ರಿಟರ್ನ್‌ನಲ್ಲಿ ನಿಜವಾದ ತೆರಿಗೆಯ ಲೆಕ್ಕ ಹಾಕುತ್ತೀರಿ. ಕಟ್ಟಿದ್ದು ಹೆಚ್ಚಿದ್ದರೆ ಆ ಹೆಚ್ಚುವರಿಯೇ ರಿಫಂಡ್. ಅದು ನಿಮ್ಮದೇ ಹಣ. ಆದರೆ ‘ಹೆಚ್ಚು ಕಟ್ಟಿದ್ದೇನೆ’ ಎಂಬ ನಿಮ್ಮ ಲೆಕ್ಕವನ್ನು ಇಲಾಖೆ ತನ್ನ ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆಯೇ ಅದು ಹೊರಡುತ್ತದೆ.

ಬೆಂಗಳೂರಿನಲ್ಲಿ ನಡೆಯುವ ತಾಳೆ

ದೇಶದ ಯಾವುದೇ ಮೂಲೆಯಿಂದ ಸಲ್ಲಿಸಿದ ರಿಟರ್ನ್ ಮೊದಲು ಬರುವುದು ಬೆಂಗಳೂರಿನ ಸಿಪಿಸಿಗೆ, ಅಂದರೆ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್‌ಗೆ. ಇಲ್ಲಿ ಪ್ರತಿ ರಿಟರ್ನನ್ನೂ ಒಬ್ಬ ಅಧಿಕಾರಿ ಕೂತು ಓದುವುದಿಲ್ಲ. ಕಂಪ್ಯೂಟರ್ ವ್ಯವಸ್ಥೆಯೇ ನಿಮ್ಮ ಅಂಕಿಗಳನ್ನು ಫಾರ್ಮ್ 26ಎಎಸ್ ಮತ್ತು ಇಲಾಖೆಯ ಬಳಿ ಇರುವ ಇತರ ಮಾಹಿತಿಯೊಂದಿಗೆ ಹೋಲಿಸುತ್ತದೆ. 26ಎಎಸ್‌ನಲ್ಲಿ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾದ ತೆರಿಗೆ ಇರುತ್ತದೆ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ, ಆಸ್ತಿ ವ್ಯವಹಾರ ಎಲ್ಲ ಇರುತ್ತವೆ.

ತಾಳೆ ಮುಗಿದ ಮೇಲೆ ಕಾಯ್ದೆಯ 143(1) ಸೆಕ್ಷನ್ ಪ್ರಕಾರ ಇಂಟಿಮೇಶನ್ ಎಂಬ ಪತ್ರ ಇಮೇಲ್‌ಗೆ ಬರುತ್ತದೆ. ಇದು ಬಂದಿದೆಯೇ ಇಲ್ಲವೇ ಎಂಬುದೇ ದೊಡ್ಡ ಗೆರೆ. ಬಂದಿಲ್ಲದಿದ್ದರೆ ಲೆಕ್ಕ ಇನ್ನೂ ಮುಗಿದಿಲ್ಲ. ಬಂದು, ಅದರಲ್ಲಿ ರಿಫಂಡ್ ಇದ್ದೂ ಹಣ ಸಿಕ್ಕಿಲ್ಲದಿದ್ದರೆ ತೊಡಕು ಬೇರೆ ಕಡೆ ಇದೆ, ಬಹುತೇಕ ಬ್ಯಾಂಕ್ ಖಾತೆಯಲ್ಲಿ.

ಸಾಮಾನ್ಯವಾಗಿ ಇ-ವೆರಿಫಿಕೇಶನ್ (ಸಲ್ಲಿಸಿದ ರಿಟರ್ನ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢೀಕರಿಸುವುದು) ಆದ ನಾಲ್ಕೈದು ವಾರದಲ್ಲಿ ರಿಫಂಡ್ ಬರುತ್ತದೆ ಎನ್ನುತ್ತದೆ ಇಲಾಖೆ. ಆದರೆ ಕಾನೂನು ಕೊಟ್ಟಿರುವ ಗಡುವು ಅದಕ್ಕಿಂತ ಬಹಳ ಉದ್ದ: ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳು. 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ರಿಟರ್ನ್‌ಗೆ ಇಂಟಿಮೇಶನ್ ಕಳಿಸಲು 2026ರ ಡಿಸೆಂಬರ್ 31ರವರೆಗೆ ಸಮಯವಿದೆ. ಎರಡು ತಿಂಗಳಾಯಿತು ಎಂಬ ಮಾತ್ರಕ್ಕೆ ನಿಯಮ ಮುರಿದಂತಾಗುವುದಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬರುತ್ತದೆ, ಸೆಕ್ಷನ್ ಸಂಖ್ಯೆಗಳೂ ಬದಲಾಗುತ್ತವೆ. ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ. ಇಲ್ಲಿ ಹೇಳಿರುವ ಸೆಕ್ಷನ್‌ಗಳೆಲ್ಲ ಆ ಹಳೆಯ ಕಾಯ್ದೆಯವು.

ಸ್ಟೇಟಸ್ ನೋಡುವ ಜಾಗ, ಓದುವ ಬಗೆ

ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ. ‘ಇ-ಫೈಲ್’ ಮೆನುವಿನಲ್ಲಿ ‘ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್’, ಅದರೊಳಗೆ ‘ವ್ಯೂ ಫೈಲ್ಡ್ ರಿಟರ್ನ್ಸ್’. ಬೇಕಾದ ವರ್ಷದ ಎದುರು ‘ವ್ಯೂ ಡೀಟೇಲ್ಸ್’ ಒತ್ತಿದರೆ ಯಾವ ದಿನ ಏನಾಯಿತು ಎಂಬ ಸಾಲು ಕಾಣುತ್ತದೆ. ಜೊತೆಗೆ ‘ಪೆಂಡಿಂಗ್ ಆ್ಯಕ್ಷನ್ಸ್’ ಮತ್ತು ‘ಇ-ಪ್ರೊಸೀಡಿಂಗ್ಸ್’ ಎರಡನ್ನೂ ತೆರೆದು ನೋಡಲೇಬೇಕು. ನೋಟಿಸ್‌ಗಳು ಕೂತಿರುವುದು ಅಲ್ಲಿ. ರಿಟರ್ನ್ ತುಂಬಿಕೊಟ್ಟ ಆಡಿಟರ್ ತಮ್ಮದೇ ಇಮೇಲ್, ಮೊಬೈಲ್ ನಂಬರ್ ಹಾಕಿದ್ದರೆ ನೋಟಿಸ್ ಬಂದದ್ದು ನಿಮಗೆ ಗೊತ್ತೇ ಆಗಿರುವುದಿಲ್ಲ.

‘ಪೆಂಡಿಂಗ್ ಫಾರ್ ಇ-ವೆರಿಫಿಕೇಶನ್’ ಎಂದಿದ್ದರೆ ಸಿಪಿಸಿ ನಿಮ್ಮ ರಿಟರ್ನನ್ನು ಇನ್ನೂ ಕೈಗೇ ತೆಗೆದುಕೊಂಡಿಲ್ಲ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ, ನೆಟ್ ಬ್ಯಾಂಕಿಂಗ್ ಮುಂತಾದ ದಾರಿಯಲ್ಲಿ ದೃಢೀಕರಿಸಬೇಕು, ಇಲ್ಲವೇ ಸಹಿ ಮಾಡಿದ ಐಟಿಆರ್-ವಿ (ರಿಟರ್ನ್ ದೃಢೀಕರಣ ಪತ್ರ) ಪ್ರತಿಯನ್ನು ಬೆಂಗಳೂರು 560500ರ ಸಿಪಿಸಿ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕು. ಮೊದಲು ಇದ್ದ 120 ದಿನದ ಅವಕಾಶ 2022ರ ಆಗಸ್ಟ್ 1ರಿಂದ ಇಲ್ಲ. 30 ದಿನ ದಾಟಿಸಿ ದೃಢೀಕರಿಸಿದರೆ, ಆ ದಿನವೇ ರಿಟರ್ನ್ ಸಲ್ಲಿಸಿದ ದಿನವೆಂದು ಲೆಕ್ಕ. ಆಗ ಕೊನೆಯ ದಿನಾಂಕ ಮೀರಿದ್ದರೆ ತಡ ಶುಲ್ಕವೂ ಬೀಳುತ್ತದೆ: ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿವರೆಗೆ, ಮೀರಿದ್ದರೆ 5,000.

‘ಸಕ್ಸಸ್‌ಫುಲಿ ಇ-ವೆರಿಫೈಡ್’, ‘ಅಂಡರ್ ಪ್ರೊಸೆಸಿಂಗ್’ ಎಂದಿದ್ದರೆ ಸರದಿಯಲ್ಲಿ ಇದ್ದೀರಿ. ಪೆಂಡಿಂಗ್ ಆ್ಯಕ್ಷನ್ಸ್ ಖಾಲಿ ಇದ್ದರೆ ಈ ಹಂತದಲ್ಲಿ ಮಾಡುವುದೇನಿಲ್ಲ. ಸಂಬಳ ಮಾತ್ರವಿರುವ ಸರಳ ರಿಟರ್ನ್ ಬೇಗ ಮುಗಿಯುತ್ತದೆ. ವ್ಯಾಪಾರ, ಷೇರು ವಹಿವಾಟು, ವಿದೇಶಿ ಆದಾಯ ಇರುವ ರಿಟರ್ನ್‌ಗೆ ಹೋಲಿಸಬೇಕಾದ ಅಂಕಿಗಳೇ ಹೆಚ್ಚು.

‘ಡಿಫೆಕ್ಟಿವ್’ ಎಂದರೆ ರಿಟರ್ನ್‌ನಲ್ಲಿ ಕೊರತೆಯಿದೆ. ಟಿಡಿಎಸ್ ಪೂರ್ತಿ ಕೇಳಿ, ಆ ಟಿಡಿಎಸ್ ಯಾವ ಆದಾಯದಿಂದ ಬಂತೋ ಆ ಆದಾಯವನ್ನು ತೋರಿಸದಿರುವುದು ಇದರ ಸಾಮಾನ್ಯ ರೂಪ. 139(9) ಸೆಕ್ಷನ್ನಿನ ನೋಟಿಸಿಗೆ 15 ದಿನದೊಳಗೆ ಸರಿಪಡಿಸಿದ ರಿಟರ್ನ್ ಕೊಡಬೇಕು. ಬಿಟ್ಟರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಪರಿಗಣಿಸಬಹುದು, ರಿಫಂಡ್ ಕೇಳಿಕೆಯೂ ಅದರ ಜೊತೆಗೇ ಹೋಗುತ್ತದೆ.

‘ಪ್ರೊಸೆಸ್ಡ್ ವಿತ್ ರಿಫಂಡ್ ಡ್ಯೂ’ ಎಂದರೆ ಲೆಕ್ಕ ಮುಗಿದು ರಿಫಂಡ್ ನಿಗದಿಯಾಗಿದೆ. ‘ನೋ ಡಿಮಾಂಡ್ ನೋ ರಿಫಂಡ್’ ಎಂದರೆ ಇಲಾಖೆಯ ಲೆಕ್ಕದಲ್ಲಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. 100 ರೂಪಾಯಿಗಿಂತ ಕಡಿಮೆ ರಿಫಂಡನ್ನು ಕಳಿಸುವುದಿಲ್ಲ. ‘ಕೇಸ್ ಟ್ರಾನ್ಸ್‌ಫರ್ಡ್ ಟು ಅಸೆಸಿಂಗ್ ಆಫೀಸರ್’ ಎಂದು ಕಂಡರೆ ಸಿಪಿಸಿಗೆ ಬರೆದು ಪ್ರಯೋಜನವಿಲ್ಲ, ಕಡತ ನಿಮ್ಮ ವ್ಯಾಪ್ತಿಯ ಅಧಿಕಾರಿಯ ಕಡೆ ಹೋಗಿದೆ. ಅವರು ಯಾರು ಎಂಬುದು ಪೋರ್ಟಲ್ಲಿನ ‘ನೋ ಯುವರ್ ಎಒ’ ಕೊಂಡಿಯಲ್ಲಿ ಪ್ಯಾನ್ ಹಾಕಿದರೆ ಸಿಗುತ್ತದೆ.

‘ರಿಫಂಡ್ ಫೇಲ್ಡ್’: ಬ್ಯಾಂಕ್ ಖಾತೆಯ ತೊಡಕು

ಲೆಕ್ಕವೆಲ್ಲ ಸರಿಹೋಗಿ, ಸ್ಟೇಟ್ ಬ್ಯಾಂಕ್ ಮೂಲಕ ಹಣ ಹೊರಟೂ ಖಾತೆಯ ಬಾಗಿಲಲ್ಲಿ ತಿರುಗಿಹೋಗುವುದು ಇಲ್ಲಿ. ರಿಫಂಡ್ ಈಗ ಪ್ಯಾನ್ ಜೋಡಣೆಯಾಗಿ, ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಆದ, ಅಂದರೆ ಸರಿಯೆಂದು ಖಚಿತವಾದ ಖಾತೆಗೆ ಮಾತ್ರ ಹೋಗುತ್ತದೆ.

ಕರ್ನಾಟಕದವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಐಎಫ್‌ಎಸ್‌ಸಿ ಕೋಡ್. ನಮ್ಮಲ್ಲಿ ತಲೆಮಾರುಗಳಿಂದ ಜನ ಖಾತೆ ಇಟ್ಟಿದ್ದ ಬ್ಯಾಂಕುಗಳೇ ವಿಲೀನವಾಗಿವೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಕೋಡ್ ತುಂಬಿದರೆ, ಅಥವಾ ವರ್ಷಗಳ ಹಿಂದೆ ಪೋರ್ಟಲ್‌ಗೆ ಸೇರಿಸಿದ ಖಾತೆಯನ್ನು ಹಾಗೇ ಬಿಟ್ಟಿದ್ದರೆ, ರಿಫಂಡ್ ತಿರುಗಿಬರುವ ಸಾಧ್ಯತೆ ಹೆಚ್ಚು. ಈಗಿನ ಕೋಡ್ ಏನೆಂದು ಶಾಖೆಯಲ್ಲಿ ಅಥವಾ ಹೊಸ ಚೆಕ್ ಪುಸ್ತಕದಲ್ಲಿ ನೋಡಿಕೊಳ್ಳಿ.

ಪ್ಯಾನ್‌ನಲ್ಲಿರುವ ಹೆಸರು, ಖಾತೆಯ ಹೆಸರು ಬೇರೆ ಬೇರೆ ಇರುವುದು ಇನ್ನೊಂದು ಕಾರಣ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರು ಮತ್ತು ತಂದೆಯ ಹೆಸರು ಪೂರ್ತಿ. ಮದುವೆಯಾದ ಮೇಲೆ ಒಂದು ಕಡೆ ಮಾತ್ರ ಬದಲಾದ ಹೆಸರು. ನಮ್ಮ ಹೆಸರಿಡುವ ಪದ್ಧತಿಗೆ ಇದು ತೀರಾ ಸಹಜ, ಕಂಪ್ಯೂಟರಿಗೆ ಮಾತ್ರ ಅವು ಇಬ್ಬರು ಬೇರೆ ವ್ಯಕ್ತಿಗಳು. ಬಹುಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆ, ಕೆವೈಸಿ ಬಾಕಿ ಇರುವ ಖಾತೆ, ಮುಚ್ಚಿದ ಖಾತೆ ಇವಕ್ಕೂ ಹಣ ಹೋಗದು. ಸಾಲದ ಖಾತೆಗೆ, ಪಿಪಿಎಫ್ ಖಾತೆಗೆ ರಿಫಂಡ್ ಪಡೆಯಲಾಗುವುದಿಲ್ಲ.

ಸರಿಪಡಿಸುವ ಕ್ರಮ ಹೀಗೆ. ‘ಮೈ ಪ್ರೊಫೈಲ್’ನಲ್ಲಿ ‘ಮೈ ಬ್ಯಾಂಕ್ ಅಕೌಂಟ್’ ತೆರೆದು ಖಾತೆಯನ್ನು ರೀ-ವ್ಯಾಲಿಡೇಟ್ ಮಾಡಿ ಅಥವಾ ಹೊಸದು ಸೇರಿಸಿ. ‘ವ್ಯಾಲಿಡೇಟೆಡ್’ ಎಂದು ತೋರಿಸುವವರೆಗೆ ಕಾದು, ‘ನಾಮಿನೇಟ್ ಫಾರ್ ರಿಫಂಡ್’ ಗುಂಡಿ ಆನ್ ಮಾಡಿ. ಇಷ್ಟಕ್ಕೇ ನಿಲ್ಲಿಸುವವರು ಬಹಳ. ಒಮ್ಮೆ ವಿಫಲವಾದ ರಿಫಂಡ್ ಖಾತೆ ಸರಿಯಾಯಿತೆಂದು ತಾನಾಗಿ ಮತ್ತೆ ಹೊರಡುವುದಿಲ್ಲ. ‘ಸರ್ವಿಸಸ್’ ಮೆನುವಿನಲ್ಲಿ ‘ರಿಫಂಡ್ ರೀಇಶ್ಯೂ’ ಎಂಬಲ್ಲಿ ಹೊಸ ವಿನಂತಿ ರಚಿಸಿ, ವರ್ಷ ಮತ್ತು ಖಾತೆ ಆರಿಸಿ, ಇ-ವೆರಿಫೈ ಮಾಡಬೇಕು.

ಪ್ಯಾನ್ ನಿಷ್ಕ್ರಿಯವಾಗಿದ್ದರೆ

ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯ. ಅಂಥ ಪ್ಯಾನ್‌ಗೆ ರಿಫಂಡ್ ಕೊಡುವುದಿಲ್ಲ, ನಿಷ್ಕ್ರಿಯವಾಗಿದ್ದ ಅವಧಿಗೆ ಬಡ್ಡಿಯೂ ಇಲ್ಲ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಿದರೆ ಮತ್ತೆ ಚಾಲ್ತಿಗೆ ಬರುತ್ತದೆ. ವಯಸ್ಸಾದ ತಂದೆತಾಯಿಯ ಎಫ್‌ಡಿ ಟಿಡಿಎಸ್ ರಿಫಂಡ್ ನಿಂತಿದ್ದರೆ ಮೊದಲು ಇದನ್ನೇ ನೋಡಿ.

ಕೇಳಿದ್ದಕ್ಕಿಂತ ಕಡಿಮೆ ಬಂದಾಗ

ಇಂಟಿಮೇಶನ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್: ಪ್ಯಾನ್ ಸಂಖ್ಯೆ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿದಂತೆ ಹುಟ್ಟಿದ ದಿನ, ತಿಂಗಳು, ವರ್ಷ ಎಂಟು ಅಂಕಿಯಲ್ಲಿ. ಒಳಗೆ ಎರಡು ಕಂಬಸಾಲುಗಳಿವೆ. ಒಂದರಲ್ಲಿ ನೀವು ಕೊಟ್ಟ ಅಂಕಿ, ಪಕ್ಕದಲ್ಲಿ ಇಲಾಖೆ ಲೆಕ್ಕ ಹಾಕಿದ ಅಂಕಿ. ಸಾಲುಸಾಲಾಗಿ ಕೆಳಗಿಳಿಯುತ್ತಾ ಎಲ್ಲಿ ಮೊದಲ ವ್ಯತ್ಯಾಸ ಕಾಣುತ್ತದೋ ಅಲ್ಲಿ ನಿಲ್ಲಿ. ಅದರ ಕೆಳಗಿನ ಎಷ್ಟೋ ವ್ಯತ್ಯಾಸಗಳು ಅದೇ ಒಂದರಿಂದ ಹುಟ್ಟಿದವು.

ವ್ಯತ್ಯಾಸ ಟಿಡಿಎಸ್ ಸಾಲಿನಲ್ಲಿದ್ದರೆ 26ಎಎಸ್ ತೆರೆಯಿರಿ. ಕಂಪನಿ ಕೊಡುವ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಇರುವ ಟಿಡಿಎಸ್ 26ಎಎಸ್‌ನಲ್ಲಿ ಕಾಣದಿದ್ದರೆ ಕಂಪನಿ ತೆರಿಗೆ ಕಟ್ಟಿಲ್ಲ, ಅಥವಾ ಕಟ್ಟಿಯೂ ತನ್ನ ತ್ರೈಮಾಸಿಕ ಟಿಡಿಎಸ್ ರಿಟರ್ನ್‌ನಲ್ಲಿ ನಿಮ್ಮ ಪ್ಯಾನ್ ತಪ್ಪು ಹಾಕಿದೆ. ಎರಡನೆಯದನ್ನು ಸರಿಮಾಡುವುದು ಅವರ ಕೈಯಲ್ಲೇ ಇದೆ, ತಿದ್ದುಪಡಿ ಟಿಡಿಎಸ್ ರಿಟರ್ನ್ ಸಲ್ಲಿಸುವಂತೆ ಲಿಖಿತವಾಗಿ ಕೇಳಿ. ಮೊದಲನೆಯದು ನಿಜಕ್ಕೂ ಅನ್ಯಾಯ: ಸಂಬಳದಿಂದ ಮುರಿದು ಸರ್ಕಾರಕ್ಕೆ ಕಟ್ಟಿಲ್ಲ. ಮುರಿದುಕೊಂಡ ಮೇಲೆ ಅದೇ ತೆರಿಗೆಯನ್ನು ಉದ್ಯೋಗಿಯಿಂದ ಮತ್ತೆ ವಸೂಲು ಮಾಡುವಂತಿಲ್ಲ ಎನ್ನುತ್ತದೆ 205ನೇ ಸೆಕ್ಷನ್. ಹಾಗಾಗಿ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಅಧಿಕಾರಿಯ ಮುಂದೆ ಸಾಕ್ಷಿ ಅವೇ.

ಕೆಲವೊಮ್ಮೆ ಅಂತಿಮ ಇಂಟಿಮೇಶನ್‌ಗೂ ಮೊದಲು, ‘ಹೀಗೆ ಬದಲಿಸಬೇಕೆಂದಿದ್ದೇವೆ’ ಎಂಬ ಸೂಚನೆ ಬರುತ್ತದೆ. ಅದಕ್ಕೆ 30 ದಿನದೊಳಗೆ ಉತ್ತರಿಸದಿದ್ದರೆ ಬದಲಾವಣೆ ಮಾಡಿಯೇ ಲೆಕ್ಕ ಮುಗಿಸುತ್ತಾರೆ. ಆಮೇಲೆ ಉಳಿಯುವ ದಾರಿ 154ನೇ ಸೆಕ್ಷನ್ನಿನ ರೆಕ್ಟಿಫಿಕೇಶನ್, ಅಂದರೆ ತಪ್ಪು ತಿದ್ದುವ ಕೋರಿಕೆ. ಇದನ್ನು ಪೋರ್ಟಲ್‌ನಲ್ಲೇ ಕೇಳಬಹುದು. 26ಎಎಸ್ ಈಗ ಸರಿಯಾಗಿದ್ದು ಬೇರೇನೂ ಬದಲಿಲ್ಲದಿದ್ದರೆ ‘ರೀಪ್ರೊಸೆಸ್ ದ ರಿಟರ್ನ್’ ಸಾಕು. ನೀವು ತುಂಬಿದ ಟಿಡಿಎಸ್ ವಿವರವೇ ತಪ್ಪಿದ್ದರೆ ‘ಟ್ಯಾಕ್ಸ್ ಕ್ರೆಡಿಟ್ ಮಿಸ್‌ಮ್ಯಾಚ್’ ಆರಿಸಬೇಕು. ಆದೇಶ ಬಂದ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷ ಇದಕ್ಕೆ ಅವಕಾಶವಿದೆ. ಆದರೆ ಮರೆತ ಹೊಸ ವಿನಾಯಿತಿ ಕೇಳುವ ದಾರಿ ಇದಲ್ಲ. ಅದಕ್ಕೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಬೇಕಿತ್ತು. ಐಟಿಆರ್-ಯು ಎಂಬ ಅಪ್‌ಡೇಟೆಡ್ ರಿಟರ್ನ್ ಬಳಸಿ ರಿಫಂಡ್ ಪಡೆಯಲು ಅಥವಾ ಹೆಚ್ಚಿಸಿಕೊಳ್ಳಲು ಕಾನೂನು ಬಿಡುವುದಿಲ್ಲ.

ಹಳೆಯ ಬಾಕಿಗೆ ಹೊಂದಿಸಿದ್ದಾರೆಯೇ?

‘ಅಡ್ಜಸ್ಟೆಡ್ ಅಗೇನ್‌ಸ್ಟ್ ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್’ ಎಂದರೆ ಹಿಂದಿನ ಯಾವುದೋ ವರ್ಷದ ಬಾಕಿಗೆ ಈ ರಿಫಂಡ್ ಜಮಾ ಆಗಿದೆ. 245ನೇ ಸೆಕ್ಷನ್ ಇದಕ್ಕೆ ಅಧಿಕಾರ ಕೊಡುತ್ತದೆ, ಆದರೆ ಮೊದಲು ನಿಮಗೆ ತಿಳಿಸಲೇಬೇಕು ಎಂದೂ ಹೇಳುತ್ತದೆ. ಸೂಚನೆ ಬಂದಾಗ ‘ಪೆಂಡಿಂಗ್ ಆ್ಯಕ್ಷನ್ಸ್’ನ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್’ನಲ್ಲಿ ಒಪ್ಪಿಗೆ ಅಥವಾ ಆಕ್ಷೇಪ ತಿಳಿಸಬೇಕು. ಆಗಲೇ ಕಟ್ಟಿದ್ದರೆ ಚಲನ್ ವಿವರ, ಮೇಲ್ಮನವಿ ಇದ್ದರೆ ಅದರ ವಿವರ, ತಿದ್ದುಪಡಿ ಆದೇಶವಿದ್ದರೆ ಅದರ ಪ್ರತಿ ಹಾಕಿ. ನೋಟಿಸಿನಲ್ಲಿರುವ ದಿನದೊಳಗೆ ಉತ್ತರ ಹೋಗದಿದ್ದರೆ ಬಾಕಿ ಸರಿಯೆಂದೇ ಭಾವಿಸಿ ಮುರಿದುಕೊಳ್ಳುತ್ತಾರೆ.

ತೀರಾ ಹಳೆಯ ಸಣ್ಣ ಬಾಕಿಗಳನ್ನು 2024ರ ಫೆಬ್ರುವರಿಯ ಮಧ್ಯಂತರ ಬಜೆಟ್ ಕೈಬಿಟ್ಟಿತು: 2009-10ನೇ ಹಣಕಾಸು ವರ್ಷದವರೆಗಿನವು 25,000 ರೂಪಾಯಿವರೆಗೆ, 2010-11ರಿಂದ 2014-15ರವರೆಗಿನವು 10,000 ರೂಪಾಯಿವರೆಗೆ, ಒಬ್ಬರಿಗೆ ಒಟ್ಟು ಮಿತಿ 1 ಲಕ್ಷ. ಪಟ್ಟಿಯಲ್ಲಿ ಅಂಥದ್ದು ಇನ್ನೂ ಕಾಣುತ್ತಿದ್ದರೆ ಪ್ರಶ್ನಿಸಬಹುದು.

ತಡೆಹಿಡಿದ ರಿಫಂಡ್

ಡಿಸೆಂಬರ್‌ನಲ್ಲಿ ಬಂದ ಸಂದೇಶಗಳ ಹಿಂದೆ ಇರುವುದು ದತ್ತಾಂಶದ ಜರಡಿ. ಆದಾಯಕ್ಕೆ ಹೋಲಿಸಿದರೆ ದೊಡ್ಡದಾಗಿ ಕಾಣುವ ದೇಣಿಗೆ, ಫಾರ್ಮ್ 16ರಲ್ಲಿ ಇಲ್ಲದೆ ರಿಟರ್ನ್‌ನಲ್ಲಿ ಮಾತ್ರ ಕಾಣಿಸಿಕೊಂಡ ಮನೆ ಬಾಡಿಗೆ ಭತ್ಯೆ ಇಂಥವು ಗಮನಕ್ಕೆ ಬರುತ್ತವೆ. ಸಂದೇಶ ಬಂದ ಮಾತ್ರಕ್ಕೆ ತಪ್ಪು ಮಾಡಿದ್ದೀರಿ ಎಂದಲ್ಲ. ಬಾಡಿಗೆ ಕರಾರು, ರಸೀದಿ, ಬ್ಯಾಂಕಿನಿಂದ ಹಣ ಹೋದ ದಾಖಲೆ ಇದ್ದರೆ ಕೇಳಿಕೆಯನ್ನು ಹಾಗೇ ಉಳಿಸಿಕೊಳ್ಳಿ. ‘ಹೆಚ್ಚು ರಿಫಂಡ್ ಮಾಡಿಸಿಕೊಡುತ್ತೇವೆ’ ಎಂದವರು ನಿಮಗೆ ಹೇಳದೆ ದೇಣಿಗೆ ಸೇರಿಸಿದ್ದರೆ, ಹೊಣೆ ಮಾತ್ರ ಪ್ಯಾನ್ ಹೊಂದಿದವರದ್ದೇ. ತಪ್ಪು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ದಂಡ ತೆರಿಗೆಯ ಶೇ 200ರಷ್ಟಿದೆ. ಸಲ್ಲಿಸುವ ಮುನ್ನ ರಿಟರ್ನ್ ಪ್ರತಿಯನ್ನು ಕೇಳಿ ಪಡೆದು, ದೇಣಿಗೆ ತೋರಿಸುವ 80ಜಿ, 80ಜಿಜಿಸಿ ಸಾಲುಗಳನ್ನು ಕಣ್ಣಾರೆ ನೋಡಿ.

ರಿಟರ್ನ್ ಸ್ಕ್ರುಟಿನಿಗೆ, ಅಂದರೆ ಅಧಿಕಾರಿಯ ವಿವರವಾದ ಪರಿಶೀಲನೆಗೆ ಆಯ್ಕೆಯಾಗಿದ್ದರೆ, ಹಿರಿಯ ಅಧಿಕಾರಿಯ ಅನುಮತಿ ಪಡೆದು, ಕಾರಣ ಬರೆದಿಟ್ಟು ರಿಫಂಡ್ ಹಿಡಿದಿಡುವ ಅಧಿಕಾರವೂ ಇಲಾಖೆಗಿದೆ. ಸ್ಕ್ರುಟಿನಿ ನೋಟಿಸ್ ಬರಬೇಕಾದರೆ ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ ಬರಬೇಕು.

ಕಾಯ್ದ ಅವಧಿಗೆ ಬಡ್ಡಿ

244ಎ ಸೆಕ್ಷನ್ ಪ್ರಕಾರ ತಿಂಗಳಿಗೆ ಶೇ 0.5 ಸರಳ ಬಡ್ಡಿ ಸಿಗುತ್ತದೆ. ತಿಂಗಳ ಒಂದು ಭಾಗವೂ ಪೂರ್ತಿ ತಿಂಗಳೆಂದೇ ಲೆಕ್ಕ. ಗಡುವಿನೊಳಗೆ ಸಲ್ಲಿಸಿದ್ದರೆ ಟಿಡಿಎಸ್, ಮುಂಗಡ ತೆರಿಗೆಯ ರಿಫಂಡಿಗೆ ಬಡ್ಡಿ ಶುರುವಾಗುವುದು ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷದ) ಏಪ್ರಿಲ್ 1ರಿಂದ. ತಡವಾಗಿ ಸಲ್ಲಿಸಿದ್ದರೆ ಸಲ್ಲಿಸಿದ ದಿನದಿಂದ. ಉದಾಹರಣೆಗೆ ತೆರಿಗೆ 1,50,000, ರಿಫಂಡ್ 24,000 ಎನ್ನಿ. ಡಿಸೆಂಬರ್‌ನಲ್ಲಿ ಮಂಜೂರಾದರೆ ಒಂಬತ್ತು ತಿಂಗಳಿಗೆ ಶೇ 4.5, ಅಂದರೆ 1,080 ರೂಪಾಯಿ. ಆದರೆ ರಿಫಂಡ್ ಮೊತ್ತ ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ: 1,00,000 ತೆರಿಗೆಗೆ 9,000 ರಿಫಂಡ್ ಎಷ್ಟೇ ತಡವಾದರೂ 9,000ವೇ. ನಿಮ್ಮಿಂದಾದ ವಿಳಂಬದ ಅವಧಿಯನ್ನೂ ಕಳೆಯುತ್ತಾರೆ. ರಿಫಂಡಿಗೆ ತೆರಿಗೆಯಿಲ್ಲ, ಅದರ ಬಡ್ಡಿಗೆ ಇದೆ. ಅದನ್ನು ಬಂದ ವರ್ಷದ ರಿಟರ್ನ್‌ನಲ್ಲಿ ಇತರ ಮೂಲದ ಆದಾಯವೆಂದು ತೋರಿಸದಿದ್ದರೆ ಮುಂದಿನ ವರ್ಷದ ತಾಳೆಯಲ್ಲಿ ಅದೇ ತೊಡಕಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಊರಿನ ಆಸ್ತಿ ಮಾರಿದ ಅನಿವಾಸಿಗಳ ರಿಫಂಡ್ ಸಾಮಾನ್ಯವಾಗಿ ದೊಡ್ಡದು, ಏಕೆಂದರೆ ಕೊಂಡವರು ಲಾಭದ ಬದಲು ಪೂರ್ತಿ ಬೆಲೆಯ ಮೇಲೆ ಟಿಡಿಎಸ್ ಮುರಿದಿರುತ್ತಾರೆ. ಎನ್‌ಆರ್‌ಒ (ಅನಿವಾಸಿಗಳ ಭಾರತದ ಆದಾಯಕ್ಕಿರುವ ರೂಪಾಯಿ) ಖಾತೆಯನ್ನು ವ್ಯಾಲಿಡೇಟ್ ಮಾಡಿಡಿ. ಭಾರತದಲ್ಲಿ ಖಾತೆಯೇ ಇಲ್ಲದ ಅನಿವಾಸಿಗಳು ರಿಟರ್ನ್‌ನಲ್ಲಿ ಒಂದು ವಿದೇಶಿ ಖಾತೆ ಕೊಡಬಹುದು. ಅನಿವಾಸಿಗಳಿಗೆ ಆಧಾರ್ ಜೋಡಣೆ ಕಡ್ಡಾಯವಲ್ಲ, ಆದರೆ ಇಲಾಖೆಯ ದಾಖಲೆಯಲ್ಲಿ ಇನ್ನೂ ನಿವಾಸಿ ಎಂದೇ ಇದ್ದರೆ ಪ್ಯಾನ್ ನಿಷ್ಕ್ರಿಯವಾಗಿರಬಹುದು. ಆನ್‌ಸೈಟ್ ಮುಗಿಸಿ ಬಂದವರು ಅಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಕೇಳಿದ್ದರೆ ಫಾರ್ಮ್ 67 ಸಲ್ಲಿಸಿರಬೇಕು. ಇಲ್ಲದಿದ್ದರೆ ಇಂಟಿಮೇಶನ್‌ನಲ್ಲಿ ಆ ಸಾಲು ಸೊನ್ನೆಯಾಗಿ ಬರುತ್ತದೆ.

ದೂರು ಎಲ್ಲಿ, ಯಾವಾಗ

ಎಲ್ಲ ಸರಿಯಿದ್ದೂ ತಿಂಗಳುಗಳು ಕಳೆದರೆ ಪೋರ್ಟಲ್ಲಿನ ‘ಗ್ರೀವೆನ್ಸಸ್’ನಲ್ಲಿ ದೂರು ಹಾಕಿ. ಇಲ್ಲಿ ವಿಭಾಗ ಸರಿಯಾಗಿ ಆರಿಸುವುದು ಮುಖ್ಯ: ಲೆಕ್ಕ ಮುಗಿದಿಲ್ಲದಿದ್ದರೆ ಸಿಪಿಸಿ, ಕಡತ ವರ್ಗವಾಗಿದ್ದರೆ ಅಸೆಸಿಂಗ್ ಆಫೀಸರ್. ಪ್ಯಾನ್, ಅಸೆಸ್‌ಮೆಂಟ್ ವರ್ಷ, ಅಕ್ನಾಲೆಡ್ಜ್‌ಮೆಂಟ್ ನಂಬರ್, ವೆರಿಫೈ ಆದ ದಿನ, ಈಗ ಕಾಣುವ ಸ್ಟೇಟಸ್ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ಫೋನಿನಲ್ಲಿ ಕೇಳಲು ಇಲಾಖೆಯ ಸಹಾಯವಾಣಿ 1800 103 0025. ಉತ್ತರವೇ ಬರದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ತಾಣದಲ್ಲೂ ದೂರು ದಾಖಲಿಸಬಹುದು.

ರಿಟರ್ನ್ ಸಲ್ಲಿಸುವುದೇ ತಪ್ಪಿಹೋಗಿ ಹಳೆಯ ವರ್ಷದ ಟಿಡಿಎಸ್ ಅಲ್ಲೇ ಉಳಿದಿದ್ದರೆ 119(2)(ಬಿ) ಸೆಕ್ಷನ್ನಿನಡಿ ವಿಳಂಬ ಮನ್ನಿಸುವಂತೆ ಅರ್ಜಿ ಕೊಡಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದ ಐದು ವರ್ಷದೊಳಗೆ ಅರ್ಜಿ ಹೋಗಬೇಕು. 1 ಕೋಟಿ ರೂಪಾಯಿವರೆಗಿನ ಮೊತ್ತವನ್ನು ಪ್ರಿನ್ಸಿಪಲ್ ಕಮಿಷನರ್ ತೀರ್ಮಾನಿಸುತ್ತಾರೆ. ತಡವಾದದ್ದಕ್ಕೆ ಆಸ್ಪತ್ರೆ ದಾಖಲೆಯಂಥ ನಿಜವಾದ ಕಾರಣದ ಪುರಾವೆ ಬೇಕು. ಹೀಗೆ ಸಿಗುವ ರಿಫಂಡಿಗೆ ಬಡ್ಡಿ ಇಲ್ಲ.

ಕಾಯುತ್ತಿರುವವರನ್ನೇ ಹುಡುಕಿ ಬರುವ ಮೋಸದ ಸಂದೇಶಗಳೂ ಇವೆ: ‘ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಖಾತೆ ದೃಢೀಕರಿಸಿ’. ಇಲಾಖೆ ಎಟಿಎಂ ಪಿನ್, ಕಾರ್ಡ್ ನಂಬರ್, ಬ್ಯಾಂಕ್ ಪಾಸ್‌ವರ್ಡ್ ಕೇಳುವುದಿಲ್ಲ, ರಿಫಂಡ್ ಬಿಡುಗಡೆಗೆ ಶುಲ್ಕವನ್ನೂ ಪಡೆಯುವುದಿಲ್ಲ. ಯಾವ ಸಂದೇಶ ಬಂದರೂ ಅದರಲ್ಲಿರುವ ಲಿಂಕ್ ಬಿಟ್ಟು, ನೀವೇ ವಿಳಾಸ ಟೈಪ್ ಮಾಡಿ ಪೋರ್ಟಲ್‌ಗೆ ಹೋಗಿ. ಸಂದೇಶ ನಿಜವಾಗಿದ್ದರೆ ಅದರ ಪ್ರತಿ ಪೋರ್ಟಲ್‌ನಲ್ಲೂ ಸಿಗುತ್ತದೆ.